ಪತ್ತೇದಾರಿ ಓದುಗರನ್ನು ಪತ್ತೆ ಮಾಡುವುದು ಹೇಗೆ? ಬ್ಲಾಗ್ ಮತ್ತು ಸೋಶಿಯಲ್ ಮೀಡಿಯಾದ ಒಂದು ಸಮಗ್ರ ಮಾರ್ಗದರ್ಶಿ

ಪತ್ತೇದಾರಿ ಕಾದಂಬರಿ ಓದುವವರಿಗೆ ಒಂದು ವಿಚಿತ್ರ ಕಷ್ಟ ಇದೆ. ರಾತ್ರಿ ಎರಡು ಗಂಟೆವರೆಗೂ ಕೂತು ಪುಸ್ತಕ ಮುಗಿಸುತ್ತೀರಿ. ಕೊಲೆ ಮಾಡಿದ್ದು ಯಾರು ಅಂತ ಗೊತ್ತಾಗಿ ನಿದ್ದೆ ಹಾರಿಹೋಗಿದೆ. ಬೆಳಿಗ್ಗೆ ಎದ್ದು ಯಾರಿಗಾದರೂ ಹೇಳಲೇಬೇಕು. ಆದರೆ ಓದದವರಿಗೆ ಹೇಳುವ ಹಾಗಿಲ್ಲ, ಓದಿದವರು ಅಕ್ಕಪಕ್ಕದಲ್ಲಿ ಯಾರೂ ಇಲ್ಲ. ಕವಿತೆ ಓದುವವರಾದರೆ ಇಷ್ಟವಾದ ನಾಲ್ಕು ಸಾಲು ಸ್ಟೇಟಸ್‌ಗೆ ಹಾಕುತ್ತಾರೆ, ಮಾತು ಶುರುವಾಗುತ್ತದೆ. ನಮಗೆ ಪುಸ್ತಕದ ಅತಿ ರುಚಿಯಾದ ಭಾಗದ ಬಗ್ಗೆಯೇ ಬಾಯಿ ಬಿಡುವ ಹಾಗಿಲ್ಲ!

ಹಾಗಾಗಿ ಫಾಲೋವರ್ಸ್ ಹೆಚ್ಚಿಸಿಕೊಳ್ಳಲು ಎಲ್ಲರೂ ಕೊಡುವ ಸಲಹೆಗಳು ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ. ದಿನಕ್ಕೊಂದು ರೀಲ್ ಹಾಕಿದರೆ ಲೈಕ್ ಬರಬಹುದು. ಕೂತು ಪುಸ್ತಕದ ಬಗ್ಗೆ ಮಾತಾಡುವವರು ಅದರಿಂದ ಬರುವುದಿಲ್ಲ. ನಾನು ನೋಡಿದ ಮಟ್ಟಿಗೆ ಅವರು ಬರುವುದು ಎರಡು ಕಾರಣಕ್ಕೆ. ಅರ್ಧಂಬರ್ಧ ನೆನಪಿರುವ ಪುಸ್ತಕವನ್ನು ಯಾರಾದರೂ ಹುಡುಕಿಕೊಡುತ್ತಾರೆ ಅಂತ ಬರುತ್ತಾರೆ. ಇಲ್ಲಿ ಯಾರೂ ಕೊನೆ ಹೇಳಿ ಓದಿನ ಮಜಾ ಹಾಳು ಮಾಡುವುದಿಲ್ಲ ಅನ್ನುವ ನಂಬಿಕೆ ಬಂದರೆ ಉಳಿಯುತ್ತಾರೆ. ಮುಂದಿನ ಹಂತಗಳೆಲ್ಲ ಈ ಎರಡರ ಸುತ್ತಲೇ ಇವೆ.

ಹಂತ 1: ನಿಮ್ಮ ರುಚಿಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ

"ನನಗೆ ಕ್ರೈಂ ಕಾದಂಬರಿ ಇಷ್ಟ" ಅಂದರೆ ಏನೂ ಹೇಳಿದಂತಾಗುವುದಿಲ್ಲ. ಹಳ್ಳಿ ಬಂಗಲೆಯಲ್ಲಿ ಕೊಲೆ ನಡೆದು, ಅಲ್ಲಿರುವ ಎಂಟು ಜನರಲ್ಲಿ ಒಬ್ಬರು ಅಪರಾಧಿ ಎನ್ನುವಂಥ ಕಥೆಗಳನ್ನು ಓದುವವರು ಬೇರೆ. ಪೊಲೀಸ್ ತನಿಖೆಯ ಕಥೆ ಓದುವವರು ಬೇರೆ. ಅಪರಾಧಿ ಯಾರು ಅಂತ ಮೊದಲೇ ತಿಳಿಸಿ, ಸಿಕ್ಕಿಬೀಳುವುದು ಹೇಗೆ ಅಂತ ಕಾಯಿಸುವ ಜಪಾನಿ ಕಾದಂಬರಿಗಳಿಗೆ ಮನಸೋತವರು ಇನ್ನೂ ಬೇರೆ.

ಕನ್ನಡದಲ್ಲೇ ನೋಡಿ. ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿದ ಎನ್. ನರಸಿಂಹಯ್ಯನವರ ಕಾದಂಬರಿಗಳಿಂದಲೇ ಓದು ಹಿಡಿಸಿಕೊಂಡ ಒಂದು ತಲೆಮಾರು ಇದೆ. ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿಯವರು ಆ ಕಾಲದ ಜನಪ್ರಿಯ ಪತ್ತೇದಾರಿ ಕಾದಂಬರಿಕಾರರೂ ಹೌದು, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಆಮೇಲೆ ಟಿ.ಕೆ. ರಾಮರಾವ್ ಓದಿದವರು, ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ ಥ್ರಿಲ್ಲರ್‌ಗಳಿಗಾಗಿ ವಾರಪತ್ರಿಕೆ ಕಾಯುತ್ತಿದ್ದವರು ಬಂದರು. ಈಗ ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರ ಇತಿಹಾಸ ಬೆರೆತ ರೋಚಕ ಕಥೆಗಳಿಗೆ ದೊಡ್ಡ ಓದುಗ ಬಳಗವೇ ಇದೆ. ಇವರೆಲ್ಲ ಒಂದೇ ಗುಂಪು ಅಲ್ಲ. ಒಬ್ಬರಿಗೆ ಇಷ್ಟವಾದದ್ದು ಇನ್ನೊಬ್ಬರಿಗೆ ಬೋರು.

ಆದ್ದರಿಂದ ನಿಮ್ಮ ವಾಕ್ಯ ಹೀಗಿರಲಿ: "1960ರ ಆಸುಪಾಸಿನ ಕನ್ನಡ ಪತ್ತೇದಾರಿಗಳನ್ನು ಹುಡುಕಿ ಓದುತ್ತೇನೆ." ಅಥವಾ, "ಇಂಗ್ಲಿಷ್ ಕ್ಲಾಸಿಕ್ ಪತ್ತೇದಾರಿಗಳನ್ನು ಓದಿ ಕನ್ನಡದಲ್ಲಿ ಬರೆಯುತ್ತೇನೆ." ಪ್ರೊಫೈಲ್‌ನಲ್ಲಿ ಇದನ್ನೇ ಹಾಕಿ. ವಿಷಯ ಚಿಕ್ಕದಾದಷ್ಟೂ ಸರಿಯಾದ ಜನ ಬೇಗ ಸಿಗುತ್ತಾರೆ.

ಹಂತ 2: ಬರಹಕ್ಕೆ ಒಂದು ಮನೆ ಮಾಡಿ

ಬ್ಲಾಗ್ ಕಾಲ ಮುಗಿಯಿತು ಅನ್ನುತ್ತಾರೆ. ಪತ್ತೇದಾರಿ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಇನ್‌ಸ್ಟಾಗ್ರಾಂ ಪೋಸ್ಟ್ ಎರಡು ದಿನದಲ್ಲಿ ಕೆಳಗೆ ಜಾರುತ್ತದೆ. ವಾಟ್ಸ್ಆ್ಯಪ್ ಮಾತು ಅದಕ್ಕಿಂತ ಬೇಗ ಕಳೆದುಹೋಗುತ್ತದೆ. ಹಳೆಯ ಕಾದಂಬರಿಯೊಂದರ ಹೆಸರನ್ನು ಯಾರೋ ಮೂರು ವರ್ಷದ ನಂತರ ಗೂಗಲ್‌ನಲ್ಲಿ ಹುಡುಕಿದಾಗ ಸಿಗುವುದು ಬ್ಲಾಗ್ ಬರಹ. ನಿಮ್ಮ ಅತ್ಯಂತ ಒಳ್ಳೆಯ ಗೆಳೆಯರು ಬರುವುದು ಹಾಗೆ ಹುಡುಕಿಕೊಂಡೇ.

ಬ್ಲಾಗರ್ ಅಥವಾ ವರ್ಡ್‌ಪ್ರೆಸ್, ಬ್ಲಾಗ್ ಮಾಡಿಕೊಡುವ ಈ ಎರಡು ತಾಣಗಳಲ್ಲಿ ಯಾವುದಾದರೂ ಸರಿ, ಎರಡರಲ್ಲೂ ದುಡ್ಡಿಲ್ಲದೆ ಶುರುಮಾಡಬಹುದು. ಕನ್ನಡದಲ್ಲಿ ಬರೆಯುವವರು ಮಾತ್ರ ಮೂರು ವಿಷಯ ಗಮನಿಸಬೇಕು.

ಮೊದಲನೆಯದು, ಯುನಿಕೋಡ್, ಅಂದರೆ ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್‌ನಿಂದ ತಂದು ಅಂಟಿಸಿದರೆ ಗೂಗಲ್‌ಗೆ ಅದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ. ಮೊದಲು ಯುನಿಕೋಡ್‌ಗೆ ಬದಲಿಸಿಕೊಳ್ಳಿ. ಫೋನಿನ ಜಿಬೋರ್ಡ್‌ನಲ್ಲಿ ಟೈಪ್ ಮಾಡಿದ್ದಾದರೆ ಈ ತಲೆನೋವಿಲ್ಲ.

ಎರಡನೆಯದು, ಲಿಂಕ್. ತಲೆಬರಹ ಕನ್ನಡದಲ್ಲಿದ್ದರೆ ಬ್ಲಾಗರ್ ತಾನಾಗಿ "ಬ್ಲಾಗ್ ಪೋಸ್ಟ್ 12" ಎನ್ನುವಂಥ ಅರ್ಥವಿಲ್ಲದ ಲಿಂಕ್ ಕೊಡುತ್ತದೆ. ವರ್ಡ್‌ಪ್ರೆಸ್‌ನ ಲಿಂಕನ್ನು ವಾಟ್ಸ್ಆ್ಯಪ್‌ಗೆ ಹಾಕಿದಾಗ ಶೇಕಡಾ ಚಿಹ್ನೆಗಳ ಉದ್ದ ಸರಪಳಿ ಬರುತ್ತದೆ, ಅದನ್ನು ನೋಡಿ ಜನ ಯಾವುದೋ ವೈರಸ್ ಅಂದುಕೊಂಡು ಮುಟ್ಟುವುದಿಲ್ಲ. ಪೋಸ್ಟ್ ಮಾಡುವ ಮೊದಲೇ ಪರ್ಮಾಲಿಂಕ್ (ಪೋಸ್ಟಿನ ಖಾಯಂ ವಿಳಾಸ) ಅನ್ನು ಇಂಗ್ಲಿಷ್ ಅಕ್ಷರದಲ್ಲಿ ನೀವೇ ಬರೆಯಿರಿ. ಪುಸ್ತಕದ ಹೆಸರು ಸಾಕು.

ಮೂರನೆಯದು, ಕಾಗುಣಿತ. "ಪತ್ತೇದಾರಿ" ಅಂತ ಹುಡುಕುವವರೂ ಇದ್ದಾರೆ, "ಪತ್ತೆದಾರಿ" ಅಂತ ಹುಡುಕುವವರೂ ಇದ್ದಾರೆ. ಇನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರು ನಾಲ್ಕಾರು ಬಗೆಯಲ್ಲಿ ಬರೆಯುತ್ತಾರೆ. ಎಲ್ಲವನ್ನೂ ಲೇಬಲ್‌ನಲ್ಲೂ ಹ್ಯಾಶ್‌ಟ್ಯಾಗ್‌ನಲ್ಲೂ ಸೇರಿಸಿ. ಲೇಖಕರ ಹೆಸರಿನ ಇನಿಶಿಯಲ್‌ಗೂ ಇದೇ ಪಾಡು: "ಎನ್. ನರಸಿಂಹಯ್ಯ" ಮತ್ತು "ಎನ್ನರಸಿಂಹಯ್ಯ" ಎರಡೂ ಓಡಾಡುತ್ತವೆ.

ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಬೇಡ ಅಂತಲ್ಲ. ಜನರನ್ನು ಬ್ಲಾಗಿಗೆ ಕರೆತರಲು ಅವು ಬೇಕು. ಇನ್‌ಸ್ಟಾಗ್ರಾಂನಲ್ಲಿ ಪುಸ್ತಕದ ಮುಖಪುಟ ಚೆನ್ನಾಗಿ ಓಡುತ್ತದೆ. ಹಳೆಯ ಪತ್ತೇದಾರಿಗಳ ಬಣ್ಣ ಬಣ್ಣದ ಮುಖಪುಟ ನೋಡಿದ ತಕ್ಷಣ "ಅಯ್ಯೋ, ಇದು ನಮ್ಮ ಮನೇಲಿತ್ತು!" ಅನ್ನುವವರು ಬಂದೇ ಬರುತ್ತಾರೆ. ಫೇಸ್‌ಬುಕ್‌ನಲ್ಲಿ ಐವತ್ತು ದಾಟಿದವರೂ ಸಿಗುತ್ತಾರೆ, ಹಳೆಯ ಪುಸ್ತಕಗಳ ನೆನಪು ಇರುವುದೂ ಅವರಲ್ಲೇ. ಇಂಗ್ಲಿಷ್ ಕ್ರೈಂ ಓದುವವರು ಓದುಗರ ತಾಣವಾದ ಗುಡ್‌ರೀಡ್ಸ್‌ನಲ್ಲಿ ಸಿಗುತ್ತಾರೆ. ಅಲ್ಲಿ ಹೊಸ ಕನ್ನಡ ಪುಸ್ತಕಗಳಿವೆ, ಹಳೆಯ ಜನಪ್ರಿಯ ಕಾದಂಬರಿಗಳು ತುಂಬಾ ಕಡಿಮೆ. ಎಲ್ಲ ಕಡೆ ಒಟ್ಟಿಗೆ ಖಾತೆ ತೆರೆಯಬೇಡಿ. ಬ್ಲಾಗ್ ಜೊತೆಗೆ ಇನ್ನೊಂದು ಸಾಕು.

ಹಂತ 3: ಮೊದಲ ಬರಹಗಳು

"ತುಂಬಾ ರೋಚಕವಾಗಿದೆ, ಕೊನೆವರೆಗೂ ಕುತೂಹಲ ಕಾಯ್ದುಕೊಳ್ಳುತ್ತದೆ" ಅಂತ ಬರೆದರೆ ಯಾರೂ ಉತ್ತರ ಕೊಡುವುದಿಲ್ಲ. ಕೊಡಲು ಅಲ್ಲಿ ಏನಿದೆ ಹೇಳಿ?

ಬದಲಿಗೆ ಪುಸ್ತಕದ ಗುರುತುಗಳನ್ನು ಬರೆಯಿರಿ. ಪ್ರಕಾಶಕರು ಯಾರು, ಮುದ್ರಣದ ವರ್ಷ, ಪುಟ, ಆಗಿನ ಬೆಲೆ, ಮುಖಪುಟದ ಚಿತ್ರದಲ್ಲಿ ಏನಿದೆ, ಕಲಾವಿದರ ಸಹಿ ಇದ್ದರೆ ಅವರ ಹೆಸರು. ಕಥೆ ಯಾವ ಊರಲ್ಲಿ ನಡೆಯುತ್ತದೆ, ಪತ್ತೇದಾರನ ಹೆಸರೇನು, ಅವನ ಸಹಾಯಕ ಯಾರು, ಮೊದಲ ಅಧ್ಯಾಯದಲ್ಲಿ ಏನಾಗುತ್ತದೆ. ಇಷ್ಟರಲ್ಲಿ ಕೊನೆಯ ಗುಟ್ಟು ಎಲ್ಲೂ ಹೊರಬೀಳುವುದಿಲ್ಲ.

ಇದು ಯಾಕೆ ಮುಖ್ಯ ಅಂದರೆ, ಕನ್ನಡದಲ್ಲಿ ಬಹಳಷ್ಟು ಜನ ಈ ಪುಸ್ತಕಗಳನ್ನು ಕೊಂಡು ಓದಿದವರಲ್ಲ. ಬೀದಿ ಕೊನೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನದ ಬಾಡಿಗೆಗೆ ತಂದವರು. ರಟ್ಟು ಕಿತ್ತುಹೋಗಿರುತ್ತಿತ್ತು, ಹೆಸರೇ ಇರುತ್ತಿರಲಿಲ್ಲ. ಕೆಲವೊಮ್ಮೆ ಕೊನೆಯ ಪುಟವನ್ನೇ ಯಾರೋ ಪುಣ್ಯಾತ್ಮರು ಹರಿದುಕೊಂಡಿರುತ್ತಿದ್ದರು. ಇನ್ನು ಸುಧಾ, ತರಂಗ, ಮಂಗಳದಂಥ ವಾರಪತ್ರಿಕೆಗಳಲ್ಲಿ ಬಂದ ಧಾರಾವಾಹಿಗಳನ್ನು ಪುಟ ಕತ್ತರಿಸಿ ಮನೆಯಲ್ಲೇ ಬೈಂಡ್ ಮಾಡಿಸಿ ಓದಿದವರಿದ್ದಾರೆ. ಅವರಿಗೆ ಲೇಖಕರ ಹೆಸರು ಮರೆತಿದೆ. "ರೈಲಿನಲ್ಲಿ ಒಂದು ಹೆಣ ಸಿಗತ್ತೆ, ಕೈಗೆ ಹಸಿರು ಕಲ್ಲಿನ ಉಂಗುರ ಇರತ್ತೆ" ಎನ್ನುವಷ್ಟು ಮಾತ್ರ ನೆನಪು. ನಿಮ್ಮ ಬ್ಲಾಗಿನಲ್ಲಿ ರೈಲು, ಉಂಗುರ ಎನ್ನುವ ಪದಗಳಿದ್ದರೆ ಅವರು ನಿಮ್ಮಲ್ಲಿಗೆ ಬಂದು ಮುಟ್ಟುತ್ತಾರೆ.

ಬ್ಲಾಗಿನಲ್ಲಿ ಒಂದು ಖಾಯಂ ಪುಟ ಇಡಿ: "ಈ ಪುಸ್ತಕ ಯಾವುದು?" ಕೇಳುವವರು ಏನೇನು ಹೇಳಬೇಕು ಅಂತ ಅಲ್ಲೇ ಬರೆಯಿರಿ. ಸುಮಾರು ಯಾವ ವರ್ಷ ಓದಿದ್ದು, ಪುಸ್ತಕವೋ ಪತ್ರಿಕೆಯೋ, ನೆನಪಿರುವ ಒಂದು ದೃಶ್ಯ, ಯಾವುದಾದರೂ ಪಾತ್ರದ ಹೆಸರು. ಪತ್ತೇದಾರನ ಹೆಸರು ನೆನಪಿದ್ದರೆ ಅರ್ಧ ಕೆಲಸ ಮುಗಿಯಿತು. ಪುರುಷೋತ್ತಮ ಅಂದ ಕೂಡಲೇ ನರಸಿಂಹಯ್ಯನವರು ಅಂತ ಗೊತ್ತಾಗುತ್ತದಲ್ವಾ, ಹಾಗೆ. ನಿಮಗೆ ಉತ್ತರ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಪ್ರಶ್ನೆಯನ್ನು ಇನ್‌ಸ್ಟಾಗ್ರಾಂ ಸ್ಟೋರಿಗೂ ಫೇಸ್‌ಬುಕ್‌ಗೂ ಹಾಕಿ. ಉತ್ತರ ಹೇಳಲು ಬಂದವರು, ಪ್ರಶ್ನೆ ಕೇಳಿದವರು, ಸುಮ್ನೆ ನೋಡುತ್ತಿದ್ದವರು ಎಲ್ಲರಿಗೂ ಪರಿಚಯವಾಗುತ್ತದೆ. ಎಷ್ಟು ಒಳ್ಳೆಯ ವಿಮರ್ಶೆ ಬರೆದರೂ ಇಷ್ಟು ಮಾತು ಹುಟ್ಟುವುದಿಲ್ಲ. ನನ್ನ ಪ್ರಕಾರ ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ.

ಹಂತ 4: ಕೊನೆ ಹೇಳದೆ ಮಾತಾಡುವುದು

ಕೊಲೆಗಾರನ ಹೆಸರು ಬರೆಯಬಾರದು, ಇದು ಎಲ್ಲರಿಗೂ ಗೊತ್ತು. ಆದರೆ ಸ್ಪಾಯ್ಲರ್, ಅಂದರೆ ಓದುವ ಮೊದಲೇ ಗುಟ್ಟು ಬಿಟ್ಟುಕೊಡುವ ಮಾತು, ಅಷ್ಟಕ್ಕೇ ಮುಗಿಯುವುದಿಲ್ಲ. "ಕೊನೆಯಲ್ಲಿ ಭಯಂಕರ ಟ್ವಿಸ್ಟ್ ಇದೆ" ಅನ್ನುವುದೂ ಸ್ಪಾಯ್ಲರ್. ಓದುವವರು ಮೊದಲ ಪುಟದಿಂದಲೇ ಯಾರನ್ನೂ ನಂಬದೆ ಓದುತ್ತಾರೆ. "ನನಗಂತೂ ಆ ಪಾತ್ರದ ಮೇಲೆ ಅನುಮಾನವೇ ಬರಲಿಲ್ಲ" ಅನ್ನುವುದು ಇನ್ನೂ ಕೆಟ್ಟದ್ದು. "ಇದು ಇಂಥ ಸಿನಿಮಾ ಥರ ಇದೆ" ಅಂದರೆ ಒಂದೇ ಏಟಿಗೆ ಎರಡು ಕಥೆ ಹಾಳು.

ಹಾಗಾದರೆ ಏನು ಮಾತಾಡುವುದು? ನಮಗೊಂದು ಒಳ್ಳೆಯ ಪ್ರಶ್ನೆ ಇದೆ: ಲೇಖಕರು ನ್ಯಾಯವಾಗಿ ಆಡಿದರಾ? 1926ರಲ್ಲಿ ಅಗಾಥಾ ಕ್ರಿಸ್ಟಿಯವರ "ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್" ಬಂದಾಗ ಓದುಗರು ಇದೇ ಪ್ರಶ್ನೆ ಹಿಡಿದು ಜಗಳಕ್ಕೆ ನಿಂತರು. ಯಾಕೆ ಅಂತ ಇಲ್ಲಿ ಹೇಳುವುದಿಲ್ಲ, ಓದದವರು ಓದಿ. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ, ಅವರೂ ಪತ್ತೇದಾರಿ ಲೇಖಕರೇ, ಇಂಥ ಕಥೆಗಳಿಗೆ ಹತ್ತು ನಿಯಮ ಬರೆದರು. ಅಪರಾಧಿ ಕಥೆಯ ಮೊದಲ ಭಾಗದಲ್ಲೇ ಕಾಣಿಸಿಕೊಳ್ಳಬೇಕು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಗಬೇಕು. ಗುಪ್ತ ಕೋಣೆ ಅಥವಾ ದಾರಿ ಒಂದಕ್ಕಿಂತ ಜಾಸ್ತಿ ಇರಬಾರದು. ಮರುವರ್ಷ ಲಂಡನ್ನಿನಲ್ಲಿ ಶುರುವಾದ ಡಿಟೆಕ್ಷನ್ ಕ್ಲಬ್‌ನಲ್ಲಿ ಲೇಖಕರು ಮುಖ್ಯ ಸುಳಿವನ್ನು ಓದುಗರಿಂದ ಮುಚ್ಚಿಡುವುದಿಲ್ಲ ಅಂತ ಪ್ರಮಾಣ ಮಾಡುತ್ತಿದ್ದರು.

ಈ ಅಳತೆಯಲ್ಲಿ ಯಾವ ಪುಸ್ತಕದ ಬಗ್ಗೆ ಬೇಕಾದರೂ ಗುಟ್ಟು ಬಿಡದೆ ಮಾತಾಡಬಹುದು. ಸುಳಿವು ನಮ್ಮ ಕಣ್ಣೆದುರೇ ಇತ್ತಾ, ಇಲ್ಲ ಕೊನೆಯ ಹತ್ತು ಪುಟದಲ್ಲಿ ಆಕಾಶದಿಂದ ಉದುರಿತಾ? ತನಿಖೆ ಕಾಕತಾಳೀಯದ ಮೇಲೆ ನಿಂತಿದೆಯಾ? ಪೊಲೀಸರು ಇಷ್ಟು ಪೆದ್ದರಾಗಿರಲು ಸಾಧ್ಯವಾ? ಕಥೆಯಲ್ಲಿ ಬರುವ ಊರು ನಿಜವಾದ ಊರಿನ ಹಾಗಿದೆಯಾ? ಓದದವರು ಇದನ್ನು ಓದಿ ಪುಸ್ತಕ ಕೊಳ್ಳುತ್ತಾರೆ, ಓದಿದವರು ಜಗಳಕ್ಕೆ ಬರುತ್ತಾರೆ. ನಮಗೆ ಇಬ್ಬರೂ ಬೇಕು.

ಕೊನೆಯ ಬಗ್ಗೆಯೇ ಮಾತಾಡಬೇಕು ಅನ್ನಿಸುವುದು ಸಹಜ. ಅದಕ್ಕೆ ಬೇರೆ ಜಾಗ ಮಾಡಿ. ಬ್ಲಾಗಿನಲ್ಲಿ ವಿಮರ್ಶೆಯ ಕೆಳಗೇ "ಎಚ್ಚರಿಕೆ" ಅಂತ ಹಾಕಿ ಬರೆಯಬೇಡಿ, ಕಣ್ಣು ಜಾರಿಬಿಡುತ್ತದೆ. ಇನ್ನೊಂದು ಪೋಸ್ಟ್ ಮಾಡಿ, "ಓದಿ ಮುಗಿಸಿದವರಿಗೆ ಮಾತ್ರ" ಅಂತ ತಲೆಬರಹ ಕೊಡಿ. ಲಿಂಕ್ ಹಂಚಿದಾಗ ವಾಟ್ಸ್ಆ್ಯಪ್‌ನಲ್ಲಿ ಮೊದಲ ಸಾಲುಗಳು ಕಾಣುವುದರಿಂದ ಅಲ್ಲಿ ಏನೂ ಇರದಂತೆ ನೋಡಿಕೊಳ್ಳಿ. ಕಮೆಂಟ್‌ಗಳು ನೀವು ನೋಡಿ ಒಪ್ಪಿದ ಮೇಲೆಯೇ ಕಾಣುವ ಹಾಗೆ ಸೆಟ್ಟಿಂಗ್ ಮಾಡಿ. ಟೆಲಿಗ್ರಾಂನಲ್ಲಿ ಸಾಲನ್ನು ಆರಿಸಿ ಸ್ಪಾಯ್ಲರ್ ಅಂತ ಒತ್ತಿದರೆ ಅಕ್ಷರ ಮಸುಕಾಗುತ್ತದೆ, ಮುಟ್ಟಿದವರಿಗೆ ಮಾತ್ರ ಕಾಣುತ್ತದೆ. ರೆಡ್ಡಿಟ್, ಡಿಸ್ಕಾರ್ಡ್‌ಗಳಲ್ಲೂ ಮುಚ್ಚುವ ಸೌಲಭ್ಯ ಇದೆ. ಇನ್‌ಸ್ಟಾಗ್ರಾಂನಲ್ಲಾದರೆ ಹಲವು ಚಿತ್ರಗಳ ಪೋಸ್ಟ್ ಮಾಡಿ, ನಡುವೆ ಒಂದು ಎಚ್ಚರಿಕೆಯ ಚಿತ್ರ ಇಟ್ಟು ಕೊನೆಯದರಲ್ಲಿ ಬರೆಯಿರಿ.

ಪುಸ್ತಕ ಹಳೆಯದಾಯಿತು, ಇನ್ನೇನು ಗುಟ್ಟು ಅಂತ ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಎಪ್ಪತ್ತು ವರ್ಷದ ಹಳೆಯ ಕಾದಂಬರಿಯನ್ನು ಇವತ್ತು ಮೊದಲ ಸಲ ತೆರೆಯುವ ಹದಿನಾರರ ಹುಡುಗಿಗೆ ಅದು ಹೊಚ್ಚ ಹೊಸದು.

ಹಂತ 5: ಬೇರೆಯವರ ಅಂಗಳಕ್ಕೆ ಹೋಗಿ

ನಿಮ್ಮ ಬ್ಲಾಗಿನಲ್ಲಿ ಕೂತು ಕಾದರೆ ಯಾರೂ ಬರುವುದಿಲ್ಲ. ಬೇರೆಯವರ ಬರಹ ಓದಿ, ಒಂದು ನಿಜವಾದ ವಿಷಯ ಸೇರಿಸಿ. "ಸೂಪರ್ ಸರ್" ಬೇಡ. "ಇದೇ ಪತ್ತೇದಾರ ಇನ್ನೊಂದು ಕಥೆಯಲ್ಲಿ ಮೈಸೂರಿಗೆ ಹೋಗುತ್ತಾನೆ, ಓದಿದ್ದೀರಾ?" ಅಂತ ಕೇಳಿ. ಅಲ್ಲಿ ನಿಮ್ಮ ಲಿಂಕ್ ಹಾಕಬೇಡಿ. ಕುತೂಹಲ ಇದ್ದವರು ಹೆಸರು ಒತ್ತಿ ತಾವೇ ಬರುತ್ತಾರೆ.

ಹಂತ 6: ವಾರಕ್ಕೊಂದು ರೂಢಿ, ಆಮೇಲೆ ಜೊತೆ ಓದು

ಅಮೆರಿಕದ ಕ್ರೈಂ ಬರಹಗಾರ್ತಿ ಪ್ಯಾಟಿ ಅಬಾಟ್ 2008ರಲ್ಲಿ ತಮ್ಮ ಬ್ಲಾಗಿನಲ್ಲಿ ಒಂದು ಪದ್ಧತಿ ಶುರುಮಾಡಿದರು. ಶುಕ್ರವಾರ ಬಂತೆಂದರೆ, ಬೇರೆ ಬೇರೆ ಬ್ಲಾಗಿನವರು ಜನ ಮರೆತ ಒಂದೊಂದು ಪುಸ್ತಕದ ಬಗ್ಗೆ ತಮ್ಮ ತಮ್ಮ ಜಾಗದಲ್ಲಿ ಬರೆಯುವುದು. ಪ್ಯಾಟಿ ಆ ಲಿಂಕ್‌ಗಳನ್ನು ಒಂದೇ ಕಡೆ ಸೇರಿಸುವುದು. ಇಷ್ಟೇ. ಆದರೆ ಒಬ್ಬರ ಓದುಗರು ಇನ್ನೊಬ್ಬರ ಬ್ಲಾಗಿಗೆ ಹೋದರು, ಪರಿಚಯ ಬೆಳೆಯಿತು. ಕನ್ನಡದ ಮರೆತ ಪತ್ತೇದಾರಿಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಮೂರು ಜನ ಸಿಕ್ಕರೂ ಶುರುಮಾಡಿ.

ಸ್ವಲ್ಪ ಬಳಗ ಕೂಡಿದ ಮೇಲೆ ಒಂದು ಪುಸ್ತಕವನ್ನು ಎಲ್ಲರೂ ಒಟ್ಟಿಗೆ ಓದಬಹುದು. ಎಲ್ಲರಿಗೂ ಪ್ರತಿ ಸಿಗುವ ಪುಸ್ತಕವನ್ನೇ ಆರಿಸಿ. ಅಂಗಡಿಯಲ್ಲಿ ಸಿಗುವಂಥದ್ದು, ಅಥವಾ ಮೈಲ್ಯಾಂಗ್‌ನಂಥ ಕನ್ನಡ ಆ್ಯಪ್‌ನಲ್ಲಿ ಇ-ಪುಸ್ತಕವಾಗಿಯೋ ಆಡಿಯೋ ಪುಸ್ತಕವಾಗಿಯೋ ಇರುವಂಥದ್ದು. ಊರಾಚೆ, ದೇಶದಾಚೆ ಇರುವವರಿಗೆ ಇದು ದೊಡ್ಡ ಅನುಕೂಲ.

ಪತ್ತೇದಾರಿಯ ಜೊತೆ ಓದಿಗೆ ಒಂದು ವಿಶೇಷ ಇದೆ. ಅಮೆರಿಕದ ಇಬ್ಬರು ಲೇಖಕರು ಎಲರಿ ಕ್ವೀನ್ ಎಂಬ ಹೆಸರಿನಲ್ಲಿ 1929ರಿಂದ ಬರೆದ ಮೊದಮೊದಲ ಕಾದಂಬರಿಗಳಲ್ಲಿ ಉತ್ತರ ಹೇಳುವ ಮೊದಲು ಕಥೆ ನಿಲ್ಲಿಸಿ, "ಸುಳಿವುಗಳೆಲ್ಲ ನಿಮ್ಮ ಕೈಯಲ್ಲಿವೆ, ಈಗ ಹೇಳಿ" ಎಂದು ಓದುಗರಿಗೆ ಸವಾಲು ಹಾಕುತ್ತಿದ್ದರು. ಅದನ್ನೇ ನೀವೂ ಮಾಡಿ. ಪುಸ್ತಕವನ್ನು ಮೂರು ಭಾಗ ಮಾಡಿ, ಭಾನುವಾರಕ್ಕೊಂದು. ಕೊನೆಯ ಎರಡು ಅಧ್ಯಾಯದ ಮುಂಚೆ ಎಲ್ಲರೂ ನಿಲ್ಲಬೇಕು. ಟೆಲಿಗ್ರಾಂನಲ್ಲಿ ಹೆಸರು ಕಾಣದ ಪೋಲ್ ಹಾಕಿ: ಅಪರಾಧಿ ಯಾರು? ತಡೆಯಲಾರದೆ ಮುಂದೆ ಓದಿಬಿಟ್ಟವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರಿಗೆ ಬೈಯಬೇಡಿ, ಓಟು ಹಾಕಬೇಡಿ ಅಂತ ಮಾತ್ರ ಹೇಳಿ. ಎರಡು ದಿನ ವಾದ ನಡೆದ ಮೇಲೆ ಕೊನೆಯ ಅಧ್ಯಾಯಗಳು.

ಹಂತ 7: ಗುಂಪು ಕಟ್ಟುವಾಗ

ವಾಟ್ಸ್ಆ್ಯಪ್ ಎಲ್ಲರ ಹತ್ತಿರ ಇದೆ, ಸುಲಭ. ಆದರೆ ಅಲ್ಲಿ ಗುಂಪಿನ ಎಲ್ಲರಿಗೂ ಎಲ್ಲರ ನಂಬರ್ ಕಾಣುತ್ತದೆ. ಪರಿಚಯವಿಲ್ಲದ ಓದುಗರ ಗುಂಪಿಗೆ ಇದು ಸರಿಹೋಗುವುದಿಲ್ಲ, ಹೆಣ್ಣುಮಕ್ಕಳಿಗಂತೂ ಕಿರಿಕಿರಿ. ಟೆಲಿಗ್ರಾಂನಲ್ಲಿ ನಂಬರ್ ಮುಚ್ಚಿ ಹೆಸರಿನಲ್ಲಷ್ಟೇ ಇರಬಹುದು, ಸ್ಪಾಯ್ಲರ್ ಸೌಲಭ್ಯವೂ ಇದೆ. ಅದಕ್ಕೇ ನನ್ನ ಓಟು ಟೆಲಿಗ್ರಾಂಗೆ. ಅಡ್ಮಿನ್ ಇಬ್ಬರಿರಲಿ.

ಗುಂಪು ಶುರುವಾದ ವಾರದಲ್ಲೇ ಒಂದು ಮೆಸೇಜ್ ಬರುತ್ತದೆ: "ಪಿಡಿಎಫ್ ಇದ್ರೆ ಹಾಕಿ ಸರ್." ಇಲ್ಲೇ ಗಟ್ಟಿಯಾಗಿ ನಿಲ್ಲಿ. ಭಾರತದಲ್ಲಿ ಲೇಖಕರು ತೀರಿಕೊಂಡ ನಂತರ 60 ವರ್ಷ ಕಾಪಿರೈಟ್ ಇರುತ್ತದೆ, ಲೆಕ್ಕ ಮುಂದಿನ ಜನವರಿಯಿಂದ. ಮ. ರಾಮಮೂರ್ತಿಯವರು 1967ರಲ್ಲಿ ತೀರಿಕೊಂಡರು. ಅಂದರೆ ಅವರ ಕಾದಂಬರಿಗಳು ಎಲ್ಲರಿಗೂ ಮುಕ್ತವಾಗುವುದು 2028ರ ಜನವರಿಗೆ. ಕ್ರಿಸ್ಟಿ ತೀರಿಕೊಂಡದ್ದು 1976ರಲ್ಲಿ, ಅವರ ಕಥೆಯನ್ನು ನೀವೇ ಕನ್ನಡಕ್ಕೆ ಅನುವಾದ ಮಾಡಿ ಬ್ಲಾಗಿಗೆ ಹಾಕುವುದಕ್ಕೂ ಅನುಮತಿ ಬೇಕು. ವಿಮರ್ಶೆಗೆ ನಾಲ್ಕು ಸಾಲು ಎತ್ತಿಕೊಳ್ಳುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಕಾನೂನು ಆಚೆಗಿರಲಿ, ಎಷ್ಟೋ ಕನ್ನಡ ಪುಸ್ತಕಗಳ ಮುದ್ರಣವೇ ಸಾವಿರ ಪ್ರತಿಯ ಆಸುಪಾಸು. ಐನೂರು ಜನರ ಗುಂಪಿನಲ್ಲಿ ಪಿಡಿಎಫ್ ಓಡಾಡಿದರೆ ಮುಂದಿನ ಪುಸ್ತಕ ಯಾರು ಅಚ್ಚು ಹಾಕುತ್ತಾರೆ? ಹಳೆಯ ಪ್ರತಿ ಬೇಕಾದವರಿಗೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿ ತೋರಿಸಿ, ಸಾರ್ವಜನಿಕ ಗ್ರಂಥಾಲಯ ತೋರಿಸಿ, ಗುಂಪಿನೊಳಗೇ ಎರವಲು ಕೊಡುವ ಏರ್ಪಾಡು ಮಾಡಿ.

ಇನ್ನೊಂದು ನಿಯಮ: ಕಾದಂಬರಿಯ ಗುಂಪಿಗೆ ನಿಜವಾದ ಕೊಲೆ ಕೇಸುಗಳನ್ನು ತರಬೇಡಿ. ಟೀವಿಯಲ್ಲಿ ಬಂದ ಕೇಸಿನ ಬಗ್ಗೆ ಎಲ್ಲರೂ ಪತ್ತೇದಾರರಾಗಿ ಯಾರದೋ ಹೆಸರು ಹೇಳಿಬಿಡುತ್ತಾರೆ. ಮಾನಹಾನಿ ಆಗಬಹುದು. ಲೈಂಗಿಕ ಅಪರಾಧಕ್ಕೆ ಒಳಗಾದವರ ಗುರುತು ಬಯಲು ಮಾಡುವುದಂತೂ ಸ್ವತಃ ಅಪರಾಧ.

ಕನ್ನಡದ ಲೋಕ ಚಿಕ್ಕದು, ಲೇಖಕರೇ ನಿಮ್ಮ ಗುಂಪಿನಲ್ಲಿರಬಹುದು. ಬಂದರೆ ಸಂತೋಷ. ಆದರೆ ಅವರೆದುರು ಎಲ್ಲರೂ ಹೊಗಳಲು ಶುರುಮಾಡಿದರೆ ಮಾತು ಸತ್ತುಹೋಗುತ್ತದೆ. ಪುಸ್ತಕದ ಚರ್ಚೆ ಒಂದು ದಿನ, ಲೇಖಕರಿಗೆ ಪ್ರಶ್ನೆ ಇನ್ನೊಂದು ದಿನ ಅಂತ ಬೇರೆ ಮಾಡಿ. ಇಷ್ಟವಾಗದ ಪುಸ್ತಕದ ಬಗ್ಗೆ ಖಂಡಿತ ಬರೆಯಿರಿ, ಲೇಖಕರನ್ನು ಟ್ಯಾಗ್ ಮಾತ್ರ ಮಾಡಬೇಡಿ.

ಹಂತ 8: ಮುಖತಃ ಭೇಟಿ

ಬೆಂಗಳೂರಿನ ಕಬ್ಬನ್ ರೀಡ್ಸ್ ನೋಡಿ. ಶನಿವಾರ ಪಾರ್ಕಿಗೆ ಬಂದು ಚಾಪೆ ಹಾಸಿ ಸುಮ್ಮನೆ ಓದುವ ಗುಂಪು, ಹರಡಿದ್ದು ಇನ್‌ಸ್ಟಾಗ್ರಾಂ ಮೂಲಕವೇ. ಮೊದಲ ಭೇಟಿ ಹೀಗೆ ಸಾರ್ವಜನಿಕ ಜಾಗದಲ್ಲಿ, ಹಗಲು ಹೊತ್ತಿನಲ್ಲಿ ಇರಲಿ. ಎಲ್ಲರೂ ಒಂದು ಪತ್ತೇದಾರಿ ತರಲಿ, ಬದಲಾಯಿಸಿಕೊಂಡು ಹೋಗಲಿ. ಚರ್ಚೆಗೆ ಒಂದೇ ಪುಸ್ತಕ ಗೊತ್ತುಮಾಡಿದ್ದರೆ ಕೊನೆಯ ಬಗೆಗಿನ ಮಾತನ್ನು ಕಡೆಯ ಅರ್ಧ ಗಂಟೆಗೆ ಇಡಿ. ಓದಿ ಮುಗಿಸದವರು ಆಗ ಎದ್ದು ಕಾಫಿಗೆ ಹೋಗಬಹುದು.

ಹೊರದೇಶದಲ್ಲಿರುವ ಕನ್ನಡಿಗರೂ ಸೇರುವುದಾದರೆ ವಿಡಿಯೋ ಕರೆ ಸಾಕು. ಬೇಸಿಗೆಯಲ್ಲಿ ನಮ್ಮ ಶನಿವಾರ ರಾತ್ರಿ 8 ಗಂಟೆ ಅಂದರೆ ಲಂಡನ್ನಿನಲ್ಲಿ ಮಧ್ಯಾಹ್ನ 3:30, ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 10:30, ಕ್ಯಾಲಿಫೋರ್ನಿಯಾದಲ್ಲಿ 7:30. ಚಳಿಗಾಲದಲ್ಲಿ ಅಲ್ಲಿ ಒಂದು ಗಂಟೆ ಹಿಂದಕ್ಕೆ ಹೋಗುವುದರಿಂದ ಕ್ಯಾಲಿಫೋರ್ನಿಯಾದವರು 6:30ಕ್ಕೇ ಏಳಬೇಕಾಗುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಭೇಟಿಯನ್ನು ರಾತ್ರಿ 9ಕ್ಕೆ ಸರಿಸಿದರೆ ಯಾರಿಗೂ ತೊಂದರೆಯಿಲ್ಲ.